ಪಂದ್ಯ ಊರು ಬದಲಿಸಿತು, ಲೆಕ್ಕ ಅಲ್ಲೇ ಉಳಿಯಿತು

2016ರ ಮೇ 26, ಗುರುವಾರ. ಡೊಂಬಿವಲಿ ಎಂಐಡಿಸಿಯಲ್ಲಿ ಬೆಳಗಿನ ಪಾಳಿ ನಡೆಯುತ್ತಿದ್ದಾಗ ಪ್ರೊಬೇಸ್ ಎಂಟರ್‌ಪ್ರೈಸಸ್ ಎಂಬ ರಾಸಾಯನಿಕ ಕಾರ್ಖಾನೆ ಸ್ಫೋಟಿಸಿತು. 12 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಸುತ್ತಲಿನ ವಸತಿ ಕಟ್ಟಡಗಳ ಕಿಟಕಿ ಗಾಜುಗಳು ಪುಡಿಯಾದವು.

ಮೂರು ದಿನಗಳ ನಂತರ, ಮೇ 29ರ ಭಾನುವಾರ ರಾತ್ರಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಫೈನಲ್ ನಡೆಯಿತು. ರಾಯಲ್ ಚಾಲೆಂಜರ್ಸ್ ತಂಡ ಸನ್‌ರೈಸರ್ಸ್ ಹೈದರಾಬಾದ್ ಎದುರು 8 ರನ್‌ಗಳಿಂದ ಸೋತಿತು. ಡೊಂಬಿವಲಿಯ ಕನ್ನಡದ ಮನೆಗಳಲ್ಲೂ ಆ ಪಂದ್ಯವನ್ನು ನೋಡಿದವರಿದ್ದರು. ಆದರೆ ಆ ಫೈನಲ್ ಮೊದಲು ನಿಗದಿಯಾಗಿದ್ದು ಬೆಂಗಳೂರಿಗಲ್ಲ, ಮುಂಬೈಗೆ. ನೀರಿಲ್ಲದ ರಾಜ್ಯದಲ್ಲಿ ಕ್ರಿಕೆಟ್ ಅಂಗಳಕ್ಕೆ ನೀರು ಹಾಯಿಸಬಹುದೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋದ ಕಾರಣ ಅದು ಬೆಂಗಳೂರಿಗೆ ಬಂದಿತ್ತು.

ಒಂಬತ್ತು ವರ್ಷಗಳ ನಂತರ ಇದೇ ದಾರಿಯಲ್ಲಿ ಪಂದ್ಯಗಳು ಹಿಂದಿರುಗಿದವು. 2025ರ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಚಿನ್ನಸ್ವಾಮಿ ಕ್ರೀಡಾಂಗಣದ ಕೈತಪ್ಪಿ ನವಿ ಮುಂಬೈನ ನೇರೂಳಿಗೆ, ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ ಹೋದವು. ಈ ಸಲ ಕಾರಣ ಬರವಲ್ಲ, ಜೂನ್ 4ರ ಕಾಲ್ತುಳಿತದಲ್ಲಿ ಸತ್ತ 11 ಜನ.

ಎರಡೂ ಸಲ ಸಾರ್ವಜನಿಕರ ಕೇಳಿಕೆ ಒಂದೇ ಆಗಿತ್ತು. ಒಂದು ಊರಿನ ಹೆಸರು, ಊರಿನ ನೆಲ, ನೀರು, ಪೊಲೀಸರು ಮತ್ತು ಊರ ಜನರ ಪ್ರೀತಿ, ಇಷ್ಟನ್ನೂ ಬಳಸಿಕೊಂಡು ಲಾಭ ಮಾಡುವ ತಂಡದ ಮಾಲೀಕರು ಆ ಊರಿಗೆ ಏನು ಬಾಕಿ? ಎರಡೂ ಸಲ ಸಿಕ್ಕ ಉತ್ತರವೂ ಒಂದೇ: ಪಂದ್ಯವನ್ನು ಬೇರೆ ಊರಿಗೆ ಕಳಿಸೋಣ.

ಕುದುರೆಯ ಗೊರಸು ಮತ್ತು ಒಂದು ಮನವಿ

ಈ ಪ್ರಶ್ನೆ ಐಪಿಎಲ್‌ಗಿಂತ ತುಂಬಾ ಹಳೆಯದು. 1881ರಲ್ಲಿ ಬೊಂಬಾಯಿಯ ಭಾರತೀಯ ಕ್ರಿಕೆಟಿಗರು ಗವರ್ನರ್ ಜೇಮ್ಸ್ ಫರ್ಗುಸನ್ ಅವರಿಗೆ ಒಂದು ಮನವಿ ಸಲ್ಲಿಸಿದರು. ಎಸ್‌ಪ್ಲನೇಡ್ ಮೈದಾನದಲ್ಲಿ ಪಾರ್ಸಿ ಮತ್ತು ಹಿಂದೂ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬಾಂಬೆ ಜಿಮ್ಖಾನಾದ ಐರೋಪ್ಯ ಸದಸ್ಯರಿಗೆ ಪಕ್ಕದಲ್ಲೇ ಬೇಲಿ ಹಾಕಿದ ಸ್ವಂತ ಹುಲ್ಲಿನ ಅಂಗಳವಿತ್ತು. ಆದರೂ ಅವರು ಪೋಲೋ ಆಡಲು ಬರುತ್ತಿದ್ದದ್ದು ಈ ಹುಡುಗರ ಮೈದಾನಕ್ಕೆ. ಕುದುರೆಗಳ ಗೊರಸಿಗೆ ನೆಲವೆಲ್ಲ ಗುಂಡಿ ಬೀಳುತ್ತಿತ್ತು. ಚೆಂಡು ಎಲ್ಲಿ ಪುಟಿದು ಯಾರ ಮುಖಕ್ಕೆ ಬಡಿಯುತ್ತದೋ ಹೇಳುವಂತಿರಲಿಲ್ಲ.

ಗವರ್ನರ್ ಮನವಿಗೆ ಒಪ್ಪಿ ಪೋಲೋವನ್ನು ಕೂಪರೇಜ್‌ಗೆ ಕಳಿಸಿದರು. ಆದರೆ ಹೆಚ್ಚು ಕಾಲ ಕಳೆಯುವ ಮೊದಲೇ ಕುದುರೆಗಳು ಮೈದಾನಕ್ಕೆ ಮರಳಿದವು. ಈ ಹೋರಾಟದ ಕತೆಯನ್ನು ಶಾಪೂರ್ಜಿ ಸೊರಾಬ್ಜಿ 1897ರಲ್ಲಿ ಪುಸ್ತಕವಾಗಿಯೇ ಪ್ರಕಟಿಸಿದರು. ಭಾರತೀಯನೊಬ್ಬ ಬರೆದ ಮೊದಮೊದಲ ಕ್ರಿಕೆಟ್ ಪುಸ್ತಕಗಳಲ್ಲಿ ಒಂದಾದ ಅದರಲ್ಲಿ ಬ್ಯಾಟು ಬಾಲಿನಷ್ಟೇ ನೆಲದ ಹಕ್ಕಿನ ಮಾತೂ ಇದೆ. ನಂತರದ ವರ್ಷಗಳಲ್ಲಿ ಸರಕಾರ ಪಾರ್ಸಿ, ಮುಸ್ಲಿಂ, ಹಿಂದೂ ಜಿಮ್ಖಾನಾಗಳಿಗೆ ಕಡಲ ದಂಡೆಯಲ್ಲಿ ಜಾಗ ಕೊಟ್ಟಿತು. ಇಂದಿನ ಮರೀನ್ ಡ್ರೈವ್‌ನಲ್ಲಿ ಅವು ಈಗಲೂ ಸಾಲಾಗಿ ನಿಂತಿವೆ.

ಆ ಮನವಿಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಹುಡುಗರು ಪೋಲೋ ನಿಲ್ಲಿಸಿ ಎಂದು ಕೇಳಿರಲಿಲ್ಲ. ನಮ್ಮ ನೆಲವನ್ನು ಹಾಳು ಮಾಡಬೇಡಿ ಎಂದಷ್ಟೇ ಕೇಳಿದ್ದರು. 135 ವರ್ಷಗಳ ನಂತರ ಬಾಂಬೆ ಹೈಕೋರ್ಟಿಗೆ ಹೋದ ಅರ್ಜಿಯ ಧಾಟಿಯೂ ಹೀಗೇ ಇತ್ತು.

ನಡುವಿನ ಕಾಲದಲ್ಲಿ ತಂಡ ಮತ್ತು ಮಾಲೀಕನ ಸಂಬಂಧ ಬೇರೆ ರೂಪ ತಾಳಿತ್ತು. ಬ್ಯಾಂಕು, ರೈಲ್ವೆ ಮತ್ತು ಕಾರ್ಖಾನೆಗಳು ತಂಡ ಕಟ್ಟಿದವು. ಬೆಂಗಳೂರಿನಲ್ಲಿ ಐಟಿಐ ಮತ್ತು ಎಚ್‌ಎಎಲ್ ಫುಟ್‌ಬಾಲ್ ತಂಡಗಳಿದ್ದವು, ಮುಂಬೈನಲ್ಲಿ ಟೈಮ್ಸ್ ಶೀಲ್ಡ್ ಆಡುವ ಕಂಪನಿ ತಂಡಗಳಿದ್ದವು. ಅಲ್ಲಿ ಆಟಗಾರನೆಂದರೆ ಸಂಬಳದ ನೌಕರ, ಪ್ರೇಕ್ಷಕನೆಂದರೆ ಅವನ ಜೊತೆ ಕೆಲಸ ಮಾಡುವವನು. ಈ ವ್ಯವಸ್ಥೆಯನ್ನು ಚಿನ್ನದ ಯುಗ ಎನ್ನಬೇಕಿಲ್ಲ. ಲೆಕ್ಕಕ್ಕೆ ಬರದ ದಿನ ಮಾಲೀಕ ತಂಡವನ್ನು ಮುಚ್ಚುತ್ತಿದ್ದ. ಮುಂಬೈನ ಮಹೀಂದ್ರ ಯುನೈಟೆಡ್ ಫುಟ್‌ಬಾಲ್ ತಂಡ 2010ರಲ್ಲಿ ಹಾಗೆಯೇ ಮುಗಿಯಿತು. ಆದರೂ ದೂರು ಕೊಡಲು ಒಂದು ಬಾಗಿಲಿತ್ತು, ಅದು ಕಾರ್ಖಾನೆಯ ಗೇಟು.

ಊರಿನ ಹೆಸರಿನ ಹರಾಜು

2008ರ ಜನವರಿಯಲ್ಲಿ ಎಂಟು ನಗರಗಳ ಹೆಸರಿನ ತಂಡಗಳು ಹರಾಜಾದವು. ಮುಂಬೈ ತಂಡವನ್ನು ರಿಲಯನ್ಸ್ 11.19 ಕೋಟಿ ಡಾಲರಿಗೆ ಕೊಂಡಿತು. ಬೆಂಗಳೂರು ತಂಡ 11.16 ಕೋಟಿ ಡಾಲರಿಗೆ ವಿಜಯ್ ಮಲ್ಯರ ಯುಬಿ ಸಮೂಹದ ಪಾಲಾಯಿತು. ತಂಡದ ಹೆಸರಿನ ಅರ್ಧ ಊರಿನದು, ಉಳಿದರ್ಧ ಒಂದು ವಿಸ್ಕಿಯದು.

ಹರಾಜಿನಲ್ಲಿ ಮಾರಾಟವಾದದ್ದು ಏನು ಎಂಬುದು ಮುಖ್ಯ. ಕ್ರೀಡಾಂಗಣ ಮಾರಾಟವಾಗಲಿಲ್ಲ, ಅದು ರಾಜ್ಯ ಕ್ರಿಕೆಟ್ ಸಂಸ್ಥೆಯ ಕೈಯಲ್ಲೇ ಉಳಿಯಿತು. ಚಿನ್ನಸ್ವಾಮಿ ಮತ್ತು ವಾಂಖೆಡೆ ಎರಡೂ ಸರಕಾರ ಗುತ್ತಿಗೆಗೆ ಕೊಟ್ಟ ಜಾಗದಲ್ಲಿ ನಿಂತಿವೆ. ಲೀಗು ಕ್ರಿಕೆಟ್ ಮಂಡಳಿಯದು. ಭದ್ರತೆ ರಾಜ್ಯ ಪೊಲೀಸರದು. ಮಾಲೀಕ ಕೊಂಡದ್ದು ಒಂದು ಊರಿನ ಪರವಾಗಿ ತಂಡ ಕಟ್ಟಿ ಆಡಿಸುವ, ಟಿಕೆಟ್ ಮಾರುವ, ಪ್ರಾಯೋಜಕರನ್ನು ಹಿಡಿಯುವ ಮತ್ತು ಟಿವಿ ಹಣದಲ್ಲಿ ಪಾಲು ಪಡೆಯುವ ಹಕ್ಕು. ಎಲ್ಲಕ್ಕಿಂತ ದೊಡ್ಡದು ಈ ಕೊನೆಯದು. 2023ರಿಂದ 2027ರವರೆಗಿನ ಪ್ರಸಾರ ಹಕ್ಕುಗಳು 48,390 ಕೋಟಿ ರೂಪಾಯಿಗೆ ಮಾರಾಟವಾದವು.

ಹೀಗೆ ನಾಲ್ಕು ಕೈಗಳಲ್ಲಿ ಹಂಚಿಹೋದ ವ್ಯವಸ್ಥೆಯಲ್ಲಿ ಏನಾದರೂ ಕೆಟ್ಟರೆ ಪ್ರತಿ ಕೈಯೂ ಇನ್ನೊಂದನ್ನು ತೋರಿಸುತ್ತದೆ. ತಂಡ ಸಂಸ್ಥೆಯನ್ನು ತೋರಿಸುತ್ತದೆ, ಸಂಸ್ಥೆ ಪೊಲೀಸರನ್ನು, ಪೊಲೀಸರು ತಂಡವನ್ನು. ಮಂಡಳಿ ಇದು ತನ್ನ ಕಾರ್ಯಕ್ರಮವೇ ಅಲ್ಲ ಎನ್ನುತ್ತದೆ.

ನೇರೂಳಿನ ಕ್ರೀಡಾಂಗಣದ ಚರಿತ್ರೆ ಈ ವ್ಯವಸ್ಥೆಯ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಮೊದಲ ಐಪಿಎಲ್ ಫೈನಲ್ 2008ರ ಜೂನ್ 1ರಂದು ನಡೆದದ್ದು ಅಲ್ಲೇ. 2010ರಲ್ಲಿ ತೆಲಂಗಾಣ ಚಳವಳಿಯ ಕಾರಣಕ್ಕೆ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ತನ್ನ 'ತವರು' ಪಂದ್ಯಗಳಲ್ಲಿ ಕೆಲವನ್ನು ಅಲ್ಲಿ ಆಡಿತು. 2011ರಲ್ಲಿ ಪುಣೆ ವಾರಿಯರ್ಸ್ ತಂಡದ ತವರೂ ಅದೇ ಆಯಿತು. ಈಗ ಆ ಎರಡೂ ತಂಡಗಳಿಲ್ಲ. 2009ರ ಚಾಂಪಿಯನ್ ಆಗಿದ್ದ ಚಾರ್ಜರ್ಸ್ ಮಾಲೀಕರ ಹಣದ ಮುಗ್ಗಟ್ಟಿನಿಂದ 2012ರಲ್ಲಿ ರದ್ದಾಯಿತು, ವಾರಿಯರ್ಸ್ ಮರುವರ್ಷ. ಡೊಂಬಿವಲಿಯಿಂದ ಠಾಣೆಗೆ ಬಂದು, ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿದು ನೇರೂಳಿಗೆ ಹೋಗಿ ಟಿಕೆಟ್ ಕೊಂಡವರು ಯಾವ ಊರಿನ ತವರಿಗೆ ಹೋಗಿದ್ದರು ಎಂಬುದು ಈಗ ಯಾವ ಕಡತದಲ್ಲೂ ಇಲ್ಲ.

ಮಿರಜ್‌ನಿಂದ ಹೊರಟ ರೈಲು

2016ರ ಏಪ್ರಿಲ್ 11ರಂದು ಮಿರಜ್‌ನಿಂದ ಒಂದು ರೈಲು ಹೊರಟಿತು. 10 ಟ್ಯಾಂಕರ್, 5 ಲಕ್ಷ ಲೀಟರ್ ನೀರು. ಮರುದಿನ ಅದು ಲಾತೂರು ಮುಟ್ಟಿತು. ಮರಾಠವಾಡದಲ್ಲಿ ಸತತ ಬರ. ಲಾತೂರಿನಲ್ಲಿ ನೀರಿನ ಜಗಳ ತಪ್ಪಿಸಲು ಜನ ಗುಂಪುಗೂಡುವುದನ್ನೇ ನಿಷೇಧಿಸಲಾಗಿತ್ತು. ಆ ಬೇಸಿಗೆ ಠಾಣೆ, ಕಲ್ಯಾಣ, ಡೊಂಬಿವಲಿಯಲ್ಲೂ ನೀರಿನ ಕಡಿತವಿತ್ತು. ಬಾರವಿ ಅಣೆಕಟ್ಟಿನ ನೀರನ್ನು ಕಾರ್ಖಾನೆಗಳೂ ಮನೆಗಳೂ ಹಂಚಿಕೊಂಡು ಬದುಕುವ ಜಾಗ ಅದು. ನಳ ಯಾವ ದಿನ ಬರುತ್ತದೆ ಎಂಬುದರ ಮೇಲೆ ಮನೆಯ ವಾರ ನಿಂತಿರುತ್ತಿತ್ತು.

ಅದೇ ತಿಂಗಳು ಐಪಿಎಲ್ ಶುರುವಾಗುವುದಿತ್ತು. ಮುಂಬೈ, ಪುಣೆ ಮತ್ತು ನಾಗಪುರದಲ್ಲಿ ಒಟ್ಟು 20 ಪಂದ್ಯಗಳು ನಿಗದಿಯಾಗಿದ್ದವು. ಲೋಕಸತ್ತಾ ಮೂವ್‌ಮೆಂಟ್ ಎಂಬ ಸಂಘಟನೆ ಬಾಂಬೆ ಹೈಕೋರ್ಟಿಗೆ ಹೋಯಿತು. ಅಂಗಳಗಳ ನಿರ್ವಹಣೆಗೆ ಸುಮಾರು 60 ಲಕ್ಷ ಲೀಟರ್ ನೀರು ಬೇಕಾಗುತ್ತದೆ ಎಂಬುದು ಅರ್ಜಿದಾರರ ಲೆಕ್ಕ. ಅಂದರೆ ಮಿರಜ್‌ನ ಆ ಮೊದಲ ರೈಲಿನಂಥ ಹನ್ನೆರಡು ರೈಲು.

ಇದು ದೊಡ್ಡ ಮೊತ್ತವೇ? ಆಗಲೇ ಹಲವರು ಕೇಳಿದ ನ್ಯಾಯವಾದ ಪ್ರಶ್ನೆ ಇದು. ರಾಜ್ಯದ ಕಬ್ಬಿನ ಗದ್ದೆಗಳು ಕುಡಿಯುವ ನೀರಿನ ಎದುರು ಇದು ಒಂದು ಹನಿ. ಕ್ರಿಕೆಟ್ ನಿಲ್ಲಿಸಿದರೆ ಲಾತೂರಿಗೆ ನೀರು ಬರುವುದಿಲ್ಲ. ಇದೆಲ್ಲ ನಿಜ. ಆದರೆ ನ್ಯಾಯಾಲಯದ ಎದುರಿದ್ದ ವಿಷಯ ಬರ ನೀಗುವುದು ಆಗಿರಲಿಲ್ಲ. ಕೊರತೆಯ ಕಾಲದಲ್ಲಿ ಸಾಲಿನಲ್ಲಿ ಯಾರು ಮೊದಲು, ಯಾರು ಕೊನೆ ಎಂಬುದಾಗಿತ್ತು.

ನಂತರ ನಡೆದದ್ದು ಸ್ವಾರಸ್ಯಕರ. ಕುಡಿಯುವ ನೀರು ಮುಟ್ಟುವುದಿಲ್ಲ, ರೇಸ್‌ಕೋರ್ಸಿನಿಂದ ಸಂಸ್ಕರಿಸಿದ ಕೊಳಚೆ ನೀರು ತರುತ್ತೇವೆ ಎಂದು ಮಂಡಳಿ ಹೇಳಿತು. ಮುಂಬೈ ಮತ್ತು ಪುಣೆ ತಂಡಗಳು ಮುಖ್ಯಮಂತ್ರಿಗಳ ಬರ ಪರಿಹಾರ ನಿಧಿಗೆ ತಲಾ 5 ಕೋಟಿ ಕೊಡಲು ಸಿದ್ಧ ಎಂದೂ ತಿಳಿಸಿತು. ಅದಕ್ಕೆ ಮೊದಲು ಇಂಥ ಮಾತು ಬಂದಿರಲಿಲ್ಲ. ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಬೇರೆ ನೀರೂ ಸಿಕ್ಕಿತು, ಹಣವೂ ಸಿಕ್ಕಿತು.

ಏಪ್ರಿಲ್ 13ರಂದು ನ್ಯಾಯಮೂರ್ತಿ ವಿ.ಎಂ. ಕಾನಡೆ ಮತ್ತು ನ್ಯಾಯಮೂರ್ತಿ ಎಂ.ಎಸ್. ಕರ್ಣಿಕ್ ಅವರ ಪೀಠ ಏಪ್ರಿಲ್ 30ರ ನಂತರದ ಪಂದ್ಯಗಳನ್ನು ರಾಜ್ಯದ ಹೊರಗೆ ಕಳಿಸಲು ಆದೇಶಿಸಿತು. 13 ಪಂದ್ಯಗಳಿಗೆ ಅದು ತಟ್ಟಿತು. ಮೇ 1ರ ಪುಣೆ ಪಂದ್ಯಕ್ಕೆ ಮಾತ್ರ ನಂತರ ವಿನಾಯಿತಿ ಸಿಕ್ಕಿತು. ಸುಪ್ರೀಂ ಕೋರ್ಟಿನಲ್ಲೂ ಕ್ರಿಕೆಟ್ ಸಂಸ್ಥೆಗಳಿಗೆ ದಾರಿ ಸಿಗಲಿಲ್ಲ. ಮುಂಬೈ ಮತ್ತು ಪುಣೆ ತಂಡಗಳ ತವರು ವಿಶಾಖಪಟ್ಟಣಕ್ಕೆ ಹೋಯಿತು, ಫೈನಲ್ ಬೆಂಗಳೂರಿಗೆ.

ಬೆಂಗಳೂರು ಇರುವ ಕರ್ನಾಟಕದಲ್ಲೂ ಆ ವರ್ಷ ಬರವಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ತಂಡ ಮತ್ತು ಮಂಡಳಿ ನೀರಿನ ಬಳಕೆಗೆ ಒಂದು ನಿಯಮ ಮಾಡಿಕೊಳ್ಳಬೇಕಾಗಲಿಲ್ಲ, ಹಾಕಿದ ಗೆರೆಯನ್ನು ದಾಟಿ ಹೋದರೆ ಸಾಕಾಯಿತು.

ಪೊಲೀಸರ ಬಿಲ್ಲು, ಆಟದ ಜಾಗ

ಬರ ಮುಗಿಯಿತು, ಪಂದ್ಯಗಳು ಮರಳಿದವು. ಮಹಾರಾಷ್ಟ್ರದಲ್ಲಿ ಲೆಕ್ಕ ಕೇಳುವವರು ಬೇರೆ ಎರಡು ದಾರಿ ಹಿಡಿದರು.

ಮೊದಲನೆಯದು ಭದ್ರತೆಯ ಶುಲ್ಕ. ಪಂದ್ಯಕ್ಕೆ ಕೊಟ್ಟ ಪೊಲೀಸ್ ಕಾವಲಿಗೆ ಸಂಘಟಕರು ಹಣ ಕಟ್ಟಬೇಕು. ಮುಂಬೈ ಕ್ರಿಕೆಟ್ ಸಂಸ್ಥೆಯಿಂದ ಪೊಲೀಸರಿಗೆ 14.82 ಕೋಟಿ ಬಾಕಿಯಿದೆ ಎಂಬುದನ್ನು ಮಾಹಿತಿ ಹಕ್ಕಿನ ಕಾರ್ಯಕರ್ತರೊಬ್ಬರು ಹೊರಗೆ ತಂದರು. 2023ರ ಜೂನ್‌ನಲ್ಲಿ ಸರಕಾರ ಬಾಕಿ ವಸೂಲು ಮಾಡುವ ಬದಲು ಶುಲ್ಕವನ್ನೇ ಇಳಿಸಿತು. ಅದೂ 2011ರಿಂದ ಅನ್ವಯವಾಗುವಂತೆ. ಮುಂಬೈನ ಎರಡು ಕ್ರೀಡಾಂಗಣಗಳ ಜೊತೆ ನವಿ ಮುಂಬೈ ಮತ್ತು ಪುಣೆಯವಕ್ಕೂ ಈ ರಿಯಾಯಿತಿ ಸಿಕ್ಕಿತು. ವಿಷಯ ಹೈಕೋರ್ಟಿಗೆ ಬಂದಾಗ, 2024ರಲ್ಲಿ, ಕೊಳೆಗೇರಿಯವರ ನೀರಿನ ಕರ ಏರಿಸುವ ಸರಕಾರ ಶ್ರೀಮಂತ ಕ್ರಿಕೆಟ್ ಸಂಸ್ಥೆಗೆ ಇಷ್ಟು ಉದಾರವಾಗುವುದೇಕೆ ಎಂಬ ಅರ್ಥದ ಮಾತನ್ನು ಪೀಠ ಕೇಳಿತು.

ಎರಡನೆಯದು ನೆಲ. ನವಿ ಮುಂಬೈನ ಘಣಸೋಳಿಯಲ್ಲಿ 2003ರಲ್ಲಿ ಸರಕಾರಿ ಕ್ರೀಡಾ ಸಂಕೀರ್ಣಕ್ಕೆಂದು 20 ಎಕರೆ ಮೀಸಲಾಗಿತ್ತು. ಅದು ಕಟ್ಟಲ್ಪಡಲೇ ಇಲ್ಲ. ಸಿಡ್ಕೊ ಆ ಜಾಗದ ಒಂದು ಭಾಗವನ್ನು ಖಾಸಗಿ ಬಿಲ್ಡರಿಗೆ ಕೊಟ್ಟಿತು. 2021ರಲ್ಲಿ ಸರಕಾರ ಸಂಕೀರ್ಣವನ್ನು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ, ರಾಯಗಡ ಜಿಲ್ಲೆಯ ಮಾಣಗಾಂವ್ ತಾಲೂಕಿಗೆ ಸಾಗಿಸಲು ಹೊರಟಿತು. ವಾಸ್ತುಶಿಲ್ಪಿಗಳ ಸಂಸ್ಥೆಯ ಸ್ಥಳೀಯ ಶಾಖೆ ಮೊಕದ್ದಮೆ ಹೂಡಿತು. 2024ರ ಜುಲೈಯಲ್ಲಿ ಹೈಕೋರ್ಟ್ ಸರಕಾರದ ನಿರ್ಧಾರವನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟೂ ಅದಕ್ಕೆ ಕೈ ಹಾಕಲಿಲ್ಲ. ಇಲ್ಲಿ ಗೆದ್ದದ್ದು ಘೋಷಣೆಯಲ್ಲ, ಹಳೆಯ ನಕ್ಷೆಯಲ್ಲಿದ್ದ ಒಂದು ಮೀಸಲು. ಕಾಗದದ ಮೇಲೆ ಬರೆದಿಟ್ಟ ಷರತ್ತು ಇದ್ದಲ್ಲಿ ನ್ಯಾಯಾಲಯಕ್ಕೆ ಹಿಡಿಯಲು ಏನಾದರೂ ಇರುತ್ತದೆ.

ಜೂನ್ 4

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಹದಿನೆಂಟು ವರ್ಷ ಕಾದ ಊರು ರಾತ್ರಿಯೆಲ್ಲ ಮಲಗಲಿಲ್ಲ. ಅಷ್ಟರಲ್ಲಿ ಮಾಲೀಕರು ಬದಲಾಗಿ ಎಷ್ಟೋ ಕಾಲವಾಗಿತ್ತು. ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಬ್ರಿಟನ್ನಿನ ಡಿಯಾಜಿಯೊ ಕೈಸೇರಿ, ಅದರ ಅಂಗಸಂಸ್ಥೆಯೊಂದು ತಂಡ ನಡೆಸುತ್ತಿತ್ತು. ಅಭಿಮಾನಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಅವನಿಗೆ ತಂಡವೆಂದರೆ ಊರು. ಹಿಂದಿನ ವರ್ಷವಷ್ಟೇ ತಂಡ ತನ್ನ ಹೆಸರಿನಲ್ಲಿ 'ಬ್ಯಾಂಗಲೋರ್' ಬಿಟ್ಟು 'ಬೆಂಗಳೂರು' ಎಂದು ಮಾಡಿಕೊಂಡಾಗ ಸಂಭ್ರಮಪಟ್ಟವನು ಅವನು.

ಮರುದಿನ ನಡೆದದ್ದು ಎಲ್ಲರಿಗೂ ಗೊತ್ತು. ಸರಕಾರ ಹೈಕೋರ್ಟಿಗೆ ಸಲ್ಲಿಸಿದ ವರದಿಯ ಪ್ರಕಾರ, ಮೆರವಣಿಗೆಗೆ ಅನುಮತಿ ಪಡೆಯದೆ ತಂಡ ಬೆಳಗ್ಗೆ ಏಳರ ಹೊತ್ತಿಗೇ ಜಾಲತಾಣದಲ್ಲಿ ಜನರನ್ನು ಕರೆಯತೊಡಗಿತು. ಉಚಿತ ಪಾಸುಗಳ ವಿಷಯ ತಿಳಿಸಿದ್ದು ಮಧ್ಯಾಹ್ನ ಮೂರರ ನಂತರ. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಬಾಗಿಲುಗಳಿಗೆ ಲಕ್ಷಗಟ್ಟಲೆ ಜನ ಬಂದರು. ಗೇಟುಗಳ ಬಳಿ 11 ಜನ ಸತ್ತರು. ಬಹುತೇಕ ಎಲ್ಲರೂ ಎಳೆಯರು.

ನಂತರ ನಾಲ್ಕು ಕೈಗಳ ಆಟ ಶುರುವಾಯಿತು. ಸರಕಾರ ನಗರ ಪೊಲೀಸ್ ಆಯುಕ್ತರನ್ನು ಅಮಾನತು ಮಾಡಿತು. ತಂಡದ ಅಧಿಕಾರಿಯೊಬ್ಬರ ಬಂಧನವಾಯಿತು. ಕ್ರಿಕೆಟ್ ಸಂಸ್ಥೆಯ ಪದಾಧಿಕಾರಿಗಳು ರಾಜೀನಾಮೆ ಕೊಟ್ಟರು. ಜುಲೈ 1ರಂದು ಕೇಂದ್ರ ಆಡಳಿತ ನ್ಯಾಯಮಂಡಳಿ, ಅಮಾನತಾದ ಪೊಲೀಸ್ ಅಧಿಕಾರಿಯೊಬ್ಬರ ಅರ್ಜಿಯಲ್ಲಿ, ಮೂರರಿಂದ ಐದು ಲಕ್ಷ ಜನ ಸೇರಲು ಮೇಲ್ನೋಟಕ್ಕೆ ತಂಡವೇ ಕಾರಣ ಎಂದಿತು. ತನ್ನ ಮಾತು ಕೇಳದೆ ಹೀಗೆ ಹೇಳಲಾಗಿದೆ ಎಂದು ತಂಡ ಹೈಕೋರ್ಟಿಗೆ ಹೋಯಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ ಅದೇ ತಿಂಗಳು ವರದಿ ಕೊಟ್ಟು, ಈ ಕ್ರೀಡಾಂಗಣ ದೊಡ್ಡ ಜನಸಂದಣಿಗೆ ತಕ್ಕುದಲ್ಲ ಎಂದು ಹೇಳಿತು. ಅದೇ ಸಂಜೆ ವಿಧಾನಸೌಧದ ಮೆಟ್ಟಿಲ ಮೇಲೆ ತಾನೇ ಸನ್ಮಾನ ನಡೆಸಿದ ಸರಕಾರದ ಪಾಲನ್ನೂ ಇಲ್ಲಿ ಮರೆಯುವಂತಿಲ್ಲ. ತಂಡವನ್ನು ಮಾತ್ರ ದೂರಿದರೆ ಆ ಮೆಟ್ಟಿಲುಗಳು ಮರೆಗೆ ಸರಿಯುತ್ತವೆ.

ಪರಿಹಾರದ ಕತೆಯೂ ಒಂದು ಪಾಠ. ತಂಡ ಮೊದಲು ಪ್ರತಿ ಕುಟುಂಬಕ್ಕೆ 10 ಲಕ್ಷ ಘೋಷಿಸಿತು. ಆಗಸ್ಟ್ ಕೊನೆಗೆ, ಹೆಚ್ಚು ಕಡಿಮೆ ಮೂರು ತಿಂಗಳ ಮೌನದ ನಂತರ, 25 ಲಕ್ಷ ಕೊಟ್ಟಿತು. ಮೊತ್ತ ಏರಿದ್ದು ಒಳ್ಳೆಯದೇ. ಆದರೆ ಅದು ದಾನದ ಭಾಷೆಯಲ್ಲಿ ಬಂತು, ಬಾಧ್ಯತೆಯ ಭಾಷೆಯಲ್ಲಿ ಅಲ್ಲ. ಬಾಧ್ಯತೆಯೆಂದರೆ ಏನೆಂದು ಡೊಂಬಿವಲಿಯ ಕಾರ್ಖಾನೆಗಳಿಗೆ, ಕಾಗದದ ಮೇಲಾದರೂ, ಗೊತ್ತು. 1980ರ ದಶಕದಲ್ಲಿ ದೆಹಲಿಯ ಓಲಿಯಂ ಅನಿಲ ಸೋರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ತತ್ವ ಹೇಳಿತು: ಲಾಭಕ್ಕಾಗಿ ಅಪಾಯದ ಕೆಲಸ ಮಾಡುವವನು ಅನಾಹುತಕ್ಕೆ ಸಂಪೂರ್ಣ ಹೊಣೆ, ಎಚ್ಚರ ವಹಿಸಿದ್ದೆ ಎಂಬ ನೆಪ ನಡೆಯದು. ಆ ತತ್ವವಿದ್ದೂ ಪ್ರೊಬೇಸ್ ಸ್ಫೋಟದಲ್ಲಿ ಮನೆಗೆ ಹಾನಿಯಾದವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕಾದರು. ತತ್ವವೇ ಇಲ್ಲದ ಕಡೆ ಉಳಿಯುವುದು ಮಾಲೀಕನ ಮನಸ್ಸು ಮಾತ್ರ.

ಜನರೇ ನುಗ್ಗಿದರು, ಜನರದೇ ತಪ್ಪು ಎಂಬ ಮಾತೂ ಆ ದಿನಗಳಲ್ಲಿ ಬಂತು. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಕಾಲ್ತುಳಿತವಾದಾಗಲೂ ಇದೇ ಮಾತು ಬಂದಿತ್ತು. ಅಲ್ಲಿ ಸತ್ತವರ ಸಂಖ್ಯೆ ಕೊನೆಗೆ 97 ಆಯಿತು. ಅವರ ಮನೆಯವರು 27 ವರ್ಷ ಬಿಡದೆ ಹೋರಾಡಿದರು. 2016ರ ಏಪ್ರಿಲ್ 26ರಂದು ತನಿಖಾ ಜ್ಯೂರಿ, ಅಭಿಮಾನಿಗಳ ತಪ್ಪಿಲ್ಲ, ಇದು ಕಾನೂನುಬಾಹಿರ ಹತ್ಯೆ ಎಂದು ತೀರ್ಪಿತ್ತಿತು.

ಬೇರೆಯವರು ಮಾಡಿದ್ದು

ಮಾಲೀಕ ಮತ್ತು ಊರಿನ ನಡುವಿನ ಕರಾರನ್ನು ಬರವಣಿಗೆಗೆ ಇಳಿಸಿದ ಉದಾಹರಣೆಗಳು ಲೋಕದಲ್ಲಿವೆ. ಅಮೆರಿಕದ ಗ್ರೀನ್ ಬೇ ಪ್ಯಾಕರ್ಸ್ ಫುಟ್‌ಬಾಲ್ ತಂಡ 1923ರಿಂದ ಲಾಭರಹಿತ ಸಂಸ್ಥೆ. ಅದರ ಷೇರುದಾರರು ಲಕ್ಷಾಂತರ ಸಾಮಾನ್ಯ ಜನ. ಜರ್ಮನಿಯ ಬಹುತೇಕ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಮತ ಸದಸ್ಯರ ಕೈಯಲ್ಲಿರಲೇಬೇಕು. ಇಂಗ್ಲೆಂಡಿನಲ್ಲಿ 2021ರಲ್ಲಿ ದೊಡ್ಡ ಕ್ಲಬ್ಬುಗಳ ಮಾಲೀಕರು ಪ್ರತ್ಯೇಕ ಸೂಪರ್ ಲೀಗ್ ಕಟ್ಟಹೊರಟಾಗ ಅಭಿಮಾನಿಗಳು ಬೀದಿಗಿಳಿದರು, ಎರಡೇ ದಿನದಲ್ಲಿ ಯೋಜನೆ ಬಿದ್ದಿತು. 2025ರ ಜುಲೈಯಲ್ಲಿ ಬಂದ ಕಾನೂನು ಅಲ್ಲಿ ಸ್ವತಂತ್ರ ನಿಯಂತ್ರಕನನ್ನು ನೇಮಿಸಿತು. ತವರು ಅಂಗಳ ಮಾರಲು ಅವನ ಒಪ್ಪಿಗೆ ಬೇಕು, ತಂಡದ ಗುರುತು ಬದಲಿಸಲು ಅಭಿಮಾನಿಗಳನ್ನು ಕೇಳಬೇಕು.

ಇವನ್ನು ಹಾಗೇ ತಂದು ಇಲ್ಲಿ ನೆಡಲಾಗದು. ಆ ಕ್ಲಬ್ಬುಗಳು ಊರಿನೊಳಗಿಂದ ಬೆಳೆದವು, ಐಪಿಎಲ್ ತಂಡಗಳು ಹರಾಜಿನಲ್ಲಿ ಹುಟ್ಟಿದವು. ಆದರೆ ನಮ್ಮಲ್ಲೂ ಹಿಡಿಯಲು ಹಿಡಿಗಳಿವೆ. ಕ್ರಿಕೆಟ್ ಮಂಡಳಿ ಸಾರ್ವಜನಿಕ ಕಾರ್ಯ ಮಾಡುವ ಸಂಸ್ಥೆ, ಅದನ್ನು ಹೈಕೋರ್ಟಿನ ರಿಟ್ ಮೂಲಕ ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಮಂಡಳಿಯ ಪದಾಧಿಕಾರಿಯೇ ತಂಡದ ಒಡೆಯನೂ ಆಗಬಹುದೆಂಬ ನಿಯಮವನ್ನು ಅದೇ ತೀರ್ಪು ಹೊಡೆದುಹಾಕಿತು. ಕ್ರೀಡಾಂಗಣದ ನೆಲ ಸರಕಾರದ ಗುತ್ತಿಗೆಯದು. ನೀರು ಎಲ್ಲಿಯದು, ಭದ್ರತೆಯ ಹಣ ಯಾವಾಗ ಕಟ್ಟಬೇಕು, ಜನರನ್ನು ಕರೆಯುವ ಹಕ್ಕು ಯಾರದು, ಅನಾಹುತವಾದರೆ ಮೊದಲ ಹೊಣೆ ಯಾರದು ಎಂಬ ನಾಲ್ಕು ಸಾಲುಗಳನ್ನು ಗುತ್ತಿಗೆಯ ಕರಾರಿಗೆ ಸೇರಿಸಲು ಯಾವ ಕ್ರಾಂತಿಯೂ ಬೇಕಿಲ್ಲ. ಜನಸಂದಣಿ ನಿಯಂತ್ರಣಕ್ಕೆಂದು ಕರ್ನಾಟಕ ಸರಕಾರ 2025ರಲ್ಲಿ ತಂದ ಮಸೂದೆ ಸಂಘಟಕರನ್ನು ಹೊಣೆ ಮಾಡುವ ದಾರಿಯಲ್ಲಿ ಒಂದು ಹೆಜ್ಜೆ. ಆದರೆ ಊರ ಜಾತ್ರೆಯ ಸಮಿತಿಗೂ ಸಾವಿರಾರು ಕೋಟಿಯ ತಂಡಕ್ಕೂ ಒಂದೇ ಅಳತೆ ಸಾಲದು.

2025ರ ನವೆಂಬರ್ 2ರಂದು ನೇರೂಳಿನಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದರು. ಮಧ್ಯರಾತ್ರಿ ದಾಟಿದ ಮೇಲೆ ಜನ ಹಾಡುತ್ತಾ ಮನೆಗೆ ಮರಳಿದರು. ಅದೇ ವಾರ ಡಿಯಾಜಿಯೊ ಕಂಪನಿ ಬೆಂಗಳೂರು ತಂಡದಲ್ಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿ ಪ್ರಕಟಿಸಿತು. ಅಂದರೆ ಮಾರಾಟದ ಬಾಗಿಲು ತೆರೆಯಿತು.

ತಂಡ ಕೈ ಬದಲಾದಾಗ ಕೊಳ್ಳುವವರಿಗೆ ಆಟಗಾರರ ಕರಾರು, ಪ್ರಾಯೋಜಕರ ಪಟ್ಟಿ, ಟಿವಿ ಹಣದ ಪಾಲು ಮತ್ತು ಊರಿನ ಹೆಸರು ಸಿಗುತ್ತದೆ. ಇವೆಲ್ಲಕ್ಕೂ ಬೆಲೆ ಕಟ್ಟಲಾಗುತ್ತದೆ. ಜೂನ್ 4ರ 11 ಮನೆಗಳು ಆ ಪಟ್ಟಿಯ ಯಾವ ಸಾಲಿನಲ್ಲಿ ಬರುತ್ತವೆ ಎಂದು ಕೇಳುವ ಹಕ್ಕು ಸದ್ಯಕ್ಕೆ ಯಾವ ಅಭಿಮಾನಿಗೂ ಇಲ್ಲ.